ಕುರ್ಲಾದ ಓಣಿಯಲ್ಲಿ ಒಂದು ಹಳೆಯ ಫಿಯಟ್

ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಕುರ್ಲಾ ಸ್ಟೇಷನ್ನಿನ ಸೇತುವೆಯನ್ನು ಹತ್ತಿಳಿಯದವರು ಬಲು ವಿರಳ. ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಕೂಡುವ ಜಾಗವಿದು. ಇತ್ತ ಥಾಣೆಯ ಗಾಡಿ, ಅತ್ತ ಪನವೇಲಿನ ಗಾಡಿ. ನಡುವೆ ಚೀಲ ಹಿಡಿದು ಓಡುವ ಜನ. ಆದರೆ ಕುರ್ಲಾವನ್ನು ನೋಡಲೆಂದೇ ಕುರ್ಲಾಕ್ಕೆ ಹೋದವರು ಎಷ್ಟು ಮಂದಿ? ಊರಿನಿಂದ ನೆಂಟರು ಬಂದರೆ ಅವರಿಗೆ ಗೇಟ್‌ವೇ ತೋರಿಸುತ್ತೇವೆ, ಮಹಾಲಕ್ಷ್ಮಿಯ ದರ್ಶನ ಮಾಡಿಸುತ್ತೇವೆ, ಹ್ಯಾಂಗಿಂಗ್ ಗಾರ್ಡನ್ನಿನಲ್ಲಿ ಕಡಲೆಕಾಯಿ ಕೊಡಿಸುತ್ತೇವೆ. ಕುರ್ಲಾದಲ್ಲಿ ಗಾಡಿ ಬದಲಾಯಿಸುತ್ತೇವೆ, ಅಷ್ಟೆ.

ಕಳೆದ ಚಳಿಗಾಲದಲ್ಲಿ ನಮಗೆ ಆ ಊರನ್ನು ಬೇರೆ ಕಣ್ಣಿನಿಂದ ನೋಡುವ ಅವಕಾಶ ಒದಗಿತು. ಒಂದಲ್ಲ, ಎರಡಲ್ಲ, ಸಾಲಾಗಿ ಐದು ಭಾನುವಾರ ನಾವು ಮೂವರು ಮಿತ್ರರು ಕುರ್ಲಾದ ಒಂದು ಗ್ಯಾರೇಜಿನ ಮುಂದೆ ಕುಳಿತು ಬಂದೆವು. ಕಾರಣ, ನಮ್ಮ ಸಂಘದವರೆಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರ ಮನೆಯ ಹಳೆಯ ಫಿಯಟ್ ಮೋಟಾರು. ಅದರ ಬಾನೆಟ್ಟಿನ ಕೆಳಗೆ, ಇಂಜಿನ್ ಕೂರುವ ಗೂಡಿಗೂ ಅಲ್ಲಿನ ಬಿಡಿಭಾಗಗಳಿಗೂ ಹೊಸದಾಗಿ ಬಣ್ಣ ಹಾಕಿಸುವ ಕೆಲಸ. ದೊಡ್ಡಮ್ಮನ ಮಗ ಒಬ್ಬನೇ. ಬಿಚ್ಚುವಾಗ, ತೊಳೆಯುವಾಗ ನಾಲ್ಕು ಕೈಗಳು ಬೇಕೆಂದು ನಮ್ಮನ್ನು ಕರೆದಿದ್ದ. ‘ಮೋಟಾರಿಗೆ ಬಣ್ಣ ಹಾಕಿಸುವುದರಲ್ಲಿ ಪ್ರವಾಸ ಕಥನ ಬರೆಯುವಂಥದ್ದೇನಿದೆ?’ ಎಂದು ವಾಚಕರು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಬನ್ನಿ ಎಂದಷ್ಟೇ ನಮ್ಮ ಬಿನ್ನಹ.

ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಇಳಿದು, ರಿಕ್ಷಾಗಳ ಸಂತೆಯನ್ನು ದಾಟಿ, ಕಾಲೀನಾದ ಕಡೆಗೆ ಹೋಗುವ ರಸ್ತೆಯನ್ನು ಹಿಡಿಯಬೇಕು. ಇದರ ಹೆಸರು ಸಿ.ಎಸ್.ಟಿ. ರಸ್ತೆ. ಬೋರಿಬಂದರಿನ ದೊಡ್ಡ ಸ್ಟೇಷನ್ನಿನಿಂದ ಈ ಹೆಸರು ಬಂತೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಟ್ರಾಂಬೆಯಿಂದ ಕುರ್ಲಾದ ಮೂಲಕ ಅಂಧೇರಿಗೆ ಒಂದು ಕಾಲದಲ್ಲಿ ಪುಟ್ಟ ರೈಲುದಾರಿಯೊಂದಿತ್ತು. ಅದಕ್ಕೆ ಸೆಂಟ್ರಲ್ ಸಾಲ್ಸೆಟ್ ಟ್ರಾಮ್‌ವೇ ಎಂದು ಹೆಸರು. 1928ರಲ್ಲಿ ಆರಂಭವಾಗಿ 1934ರಲ್ಲಿಯೇ ಅದು ನಿಂತುಹೋಯಿತು. ಹಳಿ ಹೋಯಿತು, ಮೂರು ಅಕ್ಷರ ರಸ್ತೆಗೆ ಉಳಿಯಿತು.

ಈಗ ಆ ರಸ್ತೆಯ ಉದ್ದಕ್ಕೂ ಹಳೆಯ ಮೋಟಾರುಗಳ ಸಂಸಾರವೇ ಹರಡಿಕೊಂಡಿದೆ. ಒಂದು ಅಂಗಡಿಯಲ್ಲಿ ಬರೀ ಬಾಗಿಲುಗಳು, ಇನ್ನೊಂದರಲ್ಲಿ ಬರೀ ದೀಪಗಳು, ಮತ್ತೊಂದರಲ್ಲಿ ಈರುಳ್ಳಿ ಮೂಟೆಗಳ ಹಾಗೆ ಒಂದರ ಮೇಲೊಂದು ಪೇರಿಸಿದ ಇಂಜಿನ್ನುಗಳು. ಯಾವ ಗಾಡಿಯ ಯಾವ ನಟ್ಟು ಎಂದು ಹತ್ತು ಹೆಜ್ಜೆ ದೂರದಿಂದಲೇ ಹೇಳಬಲ್ಲ ಹುಡುಗರು ಇಲ್ಲಿದ್ದಾರೆ. ನಮಗೆ ಬೇಕಾಗಿದ್ದ ರಬ್ಬರು ಪಟ್ಟಿಯ ತುಂಡೊಂದನ್ನು ತೋರಿಸಿದರೆ ಹದಿನಾರು ವರ್ಷದವನೊಬ್ಬ ಒಳಗೆ ಹೋಗಿ, ಅದರ ಅಣ್ಣನಂಥ ಇನ್ನೊಂದನ್ನು ತಂದು ಕೈಯಲ್ಲಿಟ್ಟ. ಆ ಗಾಡಿ ತಯಾರಾದಾಗ ಅವನ ತಂದೆಯೂ ಹುಟ್ಟಿದ್ದರೋ ಇಲ್ಲವೋ!

ಫಿಯಟ್ಟಿಗೂ ಕುರ್ಲಾಕ್ಕೂ ಇರುವ ಸಂಬಂಧವನ್ನು ಇಲ್ಲಿ ಹೇಳಲೇಬೇಕು. ದೊಡ್ಡಮ್ಮನ ಗಾಡಿ ಹುಟ್ಟಿದ್ದು ಇದೇ ಊರಿನಲ್ಲಿ. ವಾಲ್‌ಚಂದ್ ಹೀರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯ ಕಾರ್ಖಾನೆ ಕುರ್ಲಾದಲ್ಲಿತ್ತು. ಮೊದಲು ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್ ಗಾಡಿಗಳು ಅಲ್ಲಿ ಜೋಡಣೆಯಾದವು. 1950ರ ದಶಕದಲ್ಲಿ ಇಟಲಿಯ ಫಿಯಟ್ ಬಂತು. 1964ರಲ್ಲಿ ಫಿಯಟ್ 1100 ಡಿಲೈಟ್ ಎಂಬ ಗಾಡಿ ಹೊರಬಿತ್ತು. 1970ರ ದಶಕದಲ್ಲಿ ಅದಕ್ಕೇ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ, ಅನಂತರ ಪ್ರೀಮಿಯರ್ ಪದ್ಮಿನಿ ಎಂದೂ ನಾಮಕರಣವಾಯಿತು. ಕರಿ-ಹಳದಿ ಬಣ್ಣ ಬಳಿದುಕೊಂಡು ಮುಂಬಯಿಯ ಬೀದಿ ಬೀದಿ ಸುತ್ತಿದ ಟ್ಯಾಕ್ಸಿ ಇದೇ.

ನಮ್ಮ ಕನ್ನಡಿಗರಿಗೆ ಈ ಕಥೆಯಲ್ಲಿ ಇನ್ನೂ ಒಂದು ಎಳೆ ಇದೆ. ಭಾರತದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕೆಂದು ಹಟ ಹಿಡಿದವರಲ್ಲಿ ಮೊದಲಿಗರು ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ ಅವರು ಯೂರೋಪು, ಅಮೆರಿಕಗಳನ್ನು ಸುತ್ತಿ, ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಯೋಜನೆಯೊಂದನ್ನು ಸಿದ್ಧಪಡಿಸಿದರು. ವಾಲ್‌ಚಂದರು ಅದರಲ್ಲಿ ಕೈಜೋಡಿಸಿದರು. ಕಾರ್ಖಾನೆ ಬೆಂಗಳೂರಿನಲ್ಲಿ ಆಗಲಿ ಎಂಬ ಮಾತೂ ಮೈಸೂರು ಸರ್ಕಾರದೊಡನೆ ನಡೆಯಿತು. ಯುದ್ಧಕಾಲದ ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲ್‌ಚಂದರ ಉದ್ಯಮದಿಂದ 1940ರಲ್ಲಿ ಬೆಂಗಳೂರಿಗೆ ವಿಮಾನದ ಕಾರ್ಖಾನೆ ಬಂತು; ಮೋಟಾರಿನ ಕಾರ್ಖಾನೆ ಮಾತ್ರ ಕುರ್ಲಾದ ಪಾಲಾಯಿತು. ಆ ಕಾರ್ಖಾನೆಯ ಜಮೀನಿನಲ್ಲಿ ಈಗ ಕೋಹಿನೂರ್ ಸಿಟಿ ಎಂಬ ಎತ್ತರದ ಕಟ್ಟಡಗಳು ನಿಂತಿವೆ. ಪ್ರೀಮಿಯರ್ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ. ಕುರ್ಲಾದಲ್ಲಿ ಹಳಿ ಹೋದರೂ ಹೆಸರು ಉಳಿಯುತ್ತದೆ, ಕಾರ್ಖಾನೆ ಹೋದರೂ ಹೆಸರು ಉಳಿಯುತ್ತದೆ. ಊರಿನ ಗುಣವೇ ಅದಿರಬೇಕು.

ಇನ್ನು ದೊಡ್ಡಮ್ಮನ ಗಾಡಿಯ ವಿಷಯ. ಅದು 1969ರ ಡಿಲೈಟ್. ಅವರ ಯಜಮಾನರು ಕುಂದಾಪುರದ ಕಡೆಯವರು. ಮುಂಬಯಿಯಲ್ಲಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಆ ಕಾಲದಲ್ಲಿ ಹೊಸ ಮೋಟಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಅವರು ಕಾಯಲಿಲ್ಲ, 1978ರಲ್ಲಿ ಒಬ್ಬ ಪಾರಸಿ ಗೃಹಸ್ಥರಿಂದ ಇದನ್ನು ಕೊಂಡರು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ಪ್ರತಿ ಮೇ ತಿಂಗಳಲ್ಲಿ, ಹೆಂಡತಿ ಮಕ್ಕಳನ್ನೂ ಚಕ್ಕುಲಿ ಡಬ್ಬಿಯನ್ನೂ ನೀರಿನ ಕೂಜೆಯನ್ನೂ ತುಂಬಿಕೊಂಡು, ಘಟ್ಟ ಹತ್ತಿ ಇಳಿದು, ರೇಡಿಯೇಟರಿಗೆ ಅಲ್ಲಲ್ಲಿ ನೀರು ಕುಡಿಸುತ್ತ ಊರು ಸೇರಿಸಿದ ಗಾಡಿ ಇದು. ನಾಲ್ಕು ಸಿಲಿಂಡರುಗಳ, 1089 ಸಿ.ಸಿ.ಯ ಚಿಕ್ಕ ಇಂಜಿನ್ನು. ಅದರ ಮೇಲೆ ಆರು ಜನರ ಭಾರ!

2005ರ ಜುಲೈ 26ನ್ನು ಮುಂಬಯಿಯಲ್ಲಿದ್ದವರು ಯಾರೂ ಮರೆಯರು. ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ. ಮಿಠೀ ನದಿ ಉಕ್ಕಿ ಕುರ್ಲಾದ ಓಣಿಗಳಿಗೆ ನುಗ್ಗಿತು. ದೊಡ್ಡಮ್ಮನ ಮನೆಯ ಕೆಳಗೆ ನಿಂತಿದ್ದ ಗಾಡಿ ಬಾನೆಟ್ಟಿನವರೆಗೆ ಮುಳುಗಿತು. ನೀರಿಳಿದ ಮೇಲೆ ಯಜಮಾನರು ಇಂಜಿನ್ನನ್ನು ಬಿಚ್ಚಿಸಿ, ಎಣ್ಣೆ ಬದಲಾಯಿಸಿ, ಮತ್ತೆ ಓಡಿಸಿದರು. ಕೆಲವು ವರ್ಷಗಳಲ್ಲಿ ಅವರು ತೀರಿಕೊಂಡರು; ಗಾಡಿ ಮೂಲೆ ಹಿಡಿಯಿತು. ಈಗ ಹಳೆಯ ಮೋಟಾರುಗಳನ್ನು ಸಂಗ್ರಹಿಸುವವರೊಬ್ಬರು ಅದನ್ನು ಕೊಳ್ಳಲು ಮುಂದೆ ಬಂದಿದ್ದರು. ‘ಬಾನೆಟ್ ತೆಗೆದರೆ ಒಳಗೆ ಚೊಕ್ಕಟವಾಗಿ ಕಾಣಬೇಕು’ ಎಂಬುದೊಂದೇ ಅವರ ಷರತ್ತು. ಮಗನಿಗೆ ಅವಸರ. ಸಿಕ್ಕ ಹಣದಲ್ಲಿ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿಸಿ, ಸೋರುವ ಚಾವಣಿಯನ್ನು ರಿಪೇರಿ ಮಾಡಿಸಬೇಕೆಂದು ಅವನ ಲೆಕ್ಕ. ಆದ್ದರಿಂದ ಈ ಬಣ್ಣದ ಕೆಲಸ ಬರೀ ಚೆಲುವಿನ ಮಾತಾಗಿರಲಿಲ್ಲ.

ರಸ್ತೆಯಿಂದ ಒಳಕ್ಕೆ ತಿರುಗುವ ಓಣಿಯೊಂದರಲ್ಲಿ ಬಣ್ಣದ ಉಸ್ತಾದರ ಗ್ಯಾರೇಜು. ಗ್ಯಾರೇಜು ಎಂದರೆ ತಗಡಿನ ಮಾಡು, ಒಂದು ಕಂಪ್ರೆಸರು, ಗೋಡೆಯ ಮೊಳೆಗಳಿಗೆ ತೂಗುಹಾಕಿದ ಸ್ಪ್ರೇ ಗನ್ನುಗಳು. ಉಸ್ತಾದರಿಗೆ ಎಪ್ಪತ್ತು ಸಮೀಪಿಸಿದೆ. ಚಿಕ್ಕಂದಿನಲ್ಲಿ ಉತ್ತರ ಪ್ರದೇಶದಿಂದ ಬಂದವರು. ಇಂದಿಗೂ ಮನೆಯಲ್ಲಿ ಭೋಜಪುರಿಯ ಮಾತು. ಟ್ಯಾಕ್ಸಿಗಳಿಗೆ ಕರಿ-ಹಳದಿ ಬಳಿದೇ ಮೂವರು ಹೆಣ್ಣುಮಕ್ಕಳ ಮದುವೆ ಮಾಡಿದರಂತೆ. ಮುಂಬಯಿಯಲ್ಲಿ ಟ್ಯಾಕ್ಸಿಗಳ ಆಯುಸ್ಸಿಗೆ 20 ವರ್ಷಗಳ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಹೀಗಾಗಿ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಆ ಜಾತಿಯ ಟ್ಯಾಕ್ಸಿಯೇ ಬೀದಿಯಿಂದ ಮರೆಯಾಯಿತು. ಆಗಿನಿಂದ ಉಸ್ತಾದರ ಕೈಗೆ ಫಿಯಟ್ ಬರುವುದು ಅಪರೂಪ. ನಮ್ಮ ಗಾಡಿಯನ್ನು ಕಂಡು ಅವರು ಮೊದಲು ಮಾಡಿದ ಕೆಲಸವೆಂದರೆ, ಅದರ ಮೂತಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತದ್ದು.

ಗಾಡಿಯ ಹೊರಮೈ ಬಿಳಿ. ಯಜಮಾನರ ಕಾಲದಲ್ಲಿ ಮೂರು ಸಲ ಬಳಿಸಿದ ಬಿಳಿ ಅದು. ಆದರೆ ಬಾನೆಟ್ ಎತ್ತಿ, ಜಿಡ್ಡಿನ ಮೇಲೆ ಸೀಮೆಎಣ್ಣೆಯ ಬಟ್ಟೆಯಿಂದ ಉಸ್ತಾದರು ಒಂದು ಗೀರು ಎಳೆದಾಗ ಒಳಗಿನಿಂದ ಎಳೆ ಹಸಿರು ಇಣುಕಿತು. ‘ಹೊರಗೆ ಬಣ್ಣ ಬಳಿಯುವಾಗ ಯಾರೂ ಇಂಜಿನ್ ಬಿಚ್ಚುವುದಿಲ್ಲ. ಅದರಿಂದ ಗಾಡಿ ಹುಟ್ಟಿದಾಗಿನ ಬಣ್ಣ ಏನೆಂದು ತಿಳಿಯಬೇಕಾದರೆ ಇಲ್ಲಿ ನೋಡಬೇಕು’ ಎಂದರು. ದೊಡ್ಡಮ್ಮನಿಗೇ ಅದು ಗೊತ್ತಿರಲಿಲ್ಲ. ಅವರ ಕೈಗೆ ಬರುವ ಮೊದಲೇ ಗಾಡಿ ಬಿಳಿಯಾಗಿತ್ತು.

ಮೊದಲನೆಯ ಭಾನುವಾರ ಪೂರ್ತಿ ಬಿಚ್ಚುವುದರಲ್ಲಿ ಹೋಯಿತು. ಬ್ಯಾಟರಿಯ ತಂತಿಯನ್ನು ಎಲ್ಲಕ್ಕಿಂತ ಮೊದಲು ಕಳಚಬೇಕು. ಇಲ್ಲದಿದ್ದರೆ ಒಂದು ಕಿಡಿ ಸಾಕು, ಅನಾಹುತಕ್ಕೆ. ಪ್ರತಿ ತಂತಿಗೂ ಒಂದೊಂದು ಚೀಟಿ ಕಟ್ಟಿದೆವು. ಮೊಬೈಲಿನಲ್ಲಿ ಚಿತ್ರ ತೆಗೆದೆವು. ನಟ್ಟು ಬೋಲ್ಟುಗಳನ್ನು ಬೇರೆ ಬೇರೆ ಶ್ರೀಖಂಡದ ಡಬ್ಬಿಗಳಲ್ಲಿಟ್ಟೆವು. ನೆರೆಯ ಮೆಕ್ಯಾನಿಕ್ಕು ಚೈನ್ ಪುಲ್ಲಿ ಕಟ್ಟಿ ಇಂಜಿನ್ನನ್ನು ತೊಟ್ಟಿಲಿನಿಂದ ಮಗುವನ್ನು ಎತ್ತುವ ಹಾಗೆ ಎತ್ತಿ ಹಲಗೆಯ ಮೇಲೆ ಕೂರಿಸಿದ. ಇಂಜಿನ್ ಅಲ್ಲಿಯೇ ಇರುವಾಗ ಸುತ್ತ ಬಣ್ಣ ಹೊಡೆದರೆ ಕಣ್ಣಿಗೆ ಕಾಣುವಲ್ಲಿ ಮಾತ್ರ ಬಣ್ಣ, ಕಾಣದಲ್ಲಿ ತುಕ್ಕು.

ಎರಡನೆಯ ಭಾನುವಾರ ತೊಳೆಯುವ ಕೆಲಸ. ಜಿಡ್ಡಿನ ಮೇಲೆ ಬಣ್ಣ ನಿಲ್ಲುವುದಿಲ್ಲ. ಮೊದಲು ಸೀಮೆಎಣ್ಣೆ, ಆಮೇಲೆ ಸೋಪಿನ ನೀರು, ಆಮೇಲೆ ಬರಿಯ ನೀರು. ಬ್ಯಾಟರಿ ಕೂರುವ ತಟ್ಟೆಯ ಸುತ್ತ ಬಿಳಿಯ ಪುಡಿ ಕಟ್ಟಿತ್ತು; ಅದು ಬ್ಯಾಟರಿಯ ಆಸಿಡ್ಡಿನಿಂದ ಆದದ್ದು. ಅಡಿಗೆ ಸೋಡಾ ಕದಡಿದ ನೀರನ್ನು ಸುರಿದೊಡನೆ ಬುಸುಬುಸು ನೊರೆಯೆದ್ದಿತು. ನೊರೆ ನಿಲ್ಲುವ ತನಕ ಸುರಿಯಬೇಕು. ಆಸಿಡ್ ಉಳಿದ ಜಾಗದಲ್ಲಿ ಎಷ್ಟು ಒಳ್ಳೆಯ ಬಣ್ಣ ಬಳಿದರೂ ಅದು ಒಳಗಿನಿಂದ ತಿಂದುಬಿಡುತ್ತದೆ.

ಆ ತಟ್ಟೆಯನ್ನು ತೆಗೆದು, ಕೆಳಗಿನ ತಗಡನ್ನು ತಂತಿಯ ಬ್ರಷ್ಷಿನಿಂದ ಉಜ್ಜುತ್ತಿದ್ದ ಉಸ್ತಾದರು ಒಮ್ಮೆಲೇ ಕೈ ನಿಲ್ಲಿಸಿದರು. ಸ್ಕ್ರೂಡ್ರೈವರಿನ ಮೊನೆಯಿಂದ ಒತ್ತಿದರು. ಅದು ಹಪ್ಪಳದ ಹಾಗೆ ಮುರಿದು ಒಳಗೆ ಹೋಯಿತು. ಪ್ರವಾಹದ ವರ್ಷದ ಕೆಸರು ಆ ಸಂದಿಯಲ್ಲಿ ಕುಳಿತಿತ್ತು. ಮೇಲಿನಿಂದ ಆಸಿಡ್, ಕೆಳಗಿನಿಂದ ಕೆಸರು. ನಡುವಿನ ತಗಡು ಅಂಗೈಯಗಲ ಕೊಳೆತುಹೋಗಿತ್ತು.

ಮಗ ಹೇಳಿದ: ‘ಅದು ಯಾರ ಕಣ್ಣಿಗೂ ಬೀಳುವುದಿಲ್ಲ ಉಸ್ತಾದ್. ಪುಟ್ಟಿ ತುಂಬಿ ಬಣ್ಣ ಹೊಡೆದುಬಿಡಿ. ಮೇಲೆ ಬ್ಯಾಟರಿ ಕೂತರೆ ಮುಗಿಯಿತು.’ ಮಾರಾಟದ ಗಾಡಿಗಳಲ್ಲಿ ಇದು ಹೊಸದೇನೂ ಅಲ್ಲ. ಇಂಜಿನ್ ಗೂಡಿಗೆಲ್ಲ ಒಂದೇ ಕರಿ ಬಣ್ಣ ಹೊಡೆದು, ಫಳಫಳ ಮಾಡಿ, ಕೊಳ್ಳುವವನ ಕಣ್ಣಿಗೆ ಮಂಕುಬೂದಿ ಎರಚುವುದನ್ನು ಎಷ್ಟೋ ದಲ್ಲಾಳಿಗಳು ಮಾಡುತ್ತಾರೆ.

ಉಸ್ತಾದರು ಬ್ರಷ್ಷನ್ನು ಕೆಳಗಿಟ್ಟರು. ಲಾರಿಗಳಲ್ಲಿ ಗಟ್ಟಿಯಾದ ಚಾಸಿ ಬೇರೆ, ಅದರ ಮೇಲೆ ಕೂರುವ ಮೈ ಬೇರೆ. ಈ ಫಿಯಟ್ಟಿನಲ್ಲಿ ಹಾಗಲ್ಲ. ತಗಡಿನ ಮೈಯೇ ಚಾಸಿ. ಮುಂದಿನ ಚಕ್ರದ ಪೆಟ್ಟೆಲ್ಲ ಬಂದು ಬೀಳುವುದು ಈ ಒಳಗಿನ ತಗಡುಗಳ ಮೇಲೆಯೇ. ಇಷ್ಟನ್ನು ಅವರು ನಮಗೆ ಬೆರಳಿಟ್ಟು ತೋರಿಸಿದರು. ಅನಂತರ, ‘ಸೇಠ್, ಇದರ ಮೇಲೆ ನಾನು ಬಣ್ಣ ಹಾಕುವುದಿಲ್ಲ. ಬೇರೆಯವರು ಹಾಕಿಕೊಡುತ್ತಾರೆ, ಈ ಓಣಿಯಲ್ಲೇ ಇದ್ದಾರೆ. ನಿಮ್ಮ ಮುಂಗಡ ವಾಪಸು ತೆಗೆದುಕೊಳ್ಳಿ’ ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಅಂಗಿಯ ಕಿಸೆಗೆ ಮಾತ್ರ ಕೈಹಾಕಿದರು.

ತಗಡು ಕತ್ತರಿಸಿ ಹೊಸದನ್ನು ಬೆಸೆಯಲು ವೆಲ್ಡಿಂಗಿನವನಿಗೆ ಬೇರೆ ಹಣ ಬೇಕು, ದಿನಗಳೂ ಬೇಕು. ಬೆಸೆದ ಗುರುತನ್ನು ಕಂಡರೆ ಕೊಳ್ಳುವವರು ಬೆಲೆ ಇಳಿಸುವುದು ಖಂಡಿತ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ನಮ್ಮ ಗಂಟಲ್ಲವಲ್ಲ, ಮಾತನಾಡುವುದು ಹೇಗೆ? ಆ ಹೊತ್ತಿಗೆ ದೊಡ್ಡಮ್ಮ ನಮಗೆಲ್ಲ ಅವಲಕ್ಕಿ ಕಟ್ಟಿಕೊಂಡು ರಿಕ್ಷಾದಲ್ಲಿ ಬಂದರು. ಮಗ ಸಂಗತಿಯನ್ನು ಹೇಳಿದ. ಅವರು ತೂತಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದರು. ಐವತ್ತು ವರ್ಷ ಮುಂಬಯಿಯಲ್ಲಿದ್ದರೂ ಮಗನೊಡನೆ ಅವರದು ಕುಂದಾಪುರದ ಮಾತೇ.

‘ತೂತ್ ಮುಚ್ಚಿ ಕೊಡುದ್ ಬ್ಯಾಡ ಮಗಾ. ತಕಂಡವ್ರ್ ಅದ್ರಗೆ ಮಕ್ಳ್ ಮರಿ ಕೂರ್ಸ್ಕಂಡ್ ಹೋತ್ರ್ ಅಲ್ದಾ?’

ಅಷ್ಟೇ ಮಾತು. ಮಗ ತಲೆ ಕೆರೆದುಕೊಂಡ. ವೆಲ್ಡಿಂಗಿನವನ ಅಂಗಡಿ ಎಲ್ಲಿ ಎಂದು ಕೇಳಿದ. ಉಸ್ತಾದರು ಕಿಸೆಯಿಂದ ಕೈ ತೆಗೆದು ಅವಲಕ್ಕಿಗೆ ಒಡ್ಡಿದರು.

ಮೂರನೆಯ ಭಾನುವಾರದ ಹೊತ್ತಿಗೆ ಕೊಳೆತ ತಗಡು ಹೋಗಿ ಹೊಸ ತಗಡು ಬಂದಿತ್ತು. ಬಣ್ಣದ ಕೆಲಸದಲ್ಲಿ ಬಣ್ಣ ಹೊಡೆಯುವುದು ಎರಡಾಣೆಯ ಭಾಗ, ತಯಾರಿಯೇ ಹದಿನಾಲ್ಕಾಣೆ ಎಂಬುದನ್ನು ನಾವು ಆಗ ಕಂಡೆವು. ತುಕ್ಕು ಉಳಿದ ಸಣ್ಣ ಸಣ್ಣ ಗುಳಿಗಳಿಗೆ ಫಾಸ್ಫೊರಿಕ್ ಆಸಿಡ್ ಸೇರಿದ ದ್ರವವನ್ನು ಹಚ್ಚಿದರು. ಕೆಂಪು ತುಕ್ಕು ಅದರಿಂದ ಕಪ್ಪಗಾಗಿ ಗಟ್ಟಿಯಾಗುತ್ತದೆ. ಅನಂತರ ನೀರು ಕಾಗದದಿಂದ ಉಜ್ಜುವುದು: ಮೊದಲು ಒರಟಾದ 120ರ ಕಾಗದ, ಆಮೇಲೆ 220, ಕಡೆಗೆ 400. ಹಳೆಯ ಬಣ್ಣಗಳಲ್ಲಿ ಸೀಸ ಇರುತ್ತಿತ್ತಾದ್ದರಿಂದ ಒಣಗಿದ್ದಂತೆಯೇ ಉಜ್ಜಿ ಧೂಳೆಬ್ಬಿಸಬಾರದು. ನೀರು ಹಾಕಿಕೊಂಡೇ ಉಜ್ಜಬೇಕು. ಆಮೇಲೆ ಪ್ರೈಮರು. ಬರಿಯ ಕಬ್ಬಿಣವನ್ನು ಮುಂಬಯಿಯ ಗಾಳಿಗೆ ಒಂದು ರಾತ್ರಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದಕ್ಕೆ ತುಕ್ಕಿನ ನಸುಗೆಂಪು ಬರುತ್ತದೆ. ಅದರಿಂದ ಉಜ್ಜಿದ ದಿನವೇ ಪ್ರೈಮರು ಬೀಳಲೇಬೇಕು.

ಬಣ್ಣ ಹೊಂದಿಸುವುದು ಒಂದು ಸೋಜಿಗದ ವಿದ್ಯೆ. ಬಾನೆಟ್ಟಿನ ಅಂಚಿನ ರಬ್ಬರು ಪಟ್ಟಿಯ ಅಡಿಯಲ್ಲಿ ಬಿಸಿಲನ್ನೂ ಹೊಗೆಯನ್ನೂ ಕಾಣದ ಅರ್ಧ ಇಂಚು ಜಾಗವಿತ್ತು. ಅದನ್ನು ಒರಸಿ, ಮೇಣ ಹಚ್ಚಿ ಉಜ್ಜಿದಾಗ 1969ರ ಹಸಿರು ಆಗತಾನೇ ಬಿಚ್ಚಿದ ಬಾಳೆಯ ಸುಳಿಯ ಹಾಗೆ ಹೊಳೆಯಿತು. ಬಣ್ಣದ ಅಂಗಡಿಯವ ಅದನ್ನು ನೋಡಿ ಬಿಳಿಗೆ ಹಸಿರು, ಹಳದಿ, ಒಂದು ಹನಿ ಕಪ್ಪು ಬೆರೆಸಿ, ತಗಡಿನ ಚೂರಿಗೆ ಬಳಿದು, ಒಣಗಿಸಿ, ಬಿಸಿಲಿನಲ್ಲಿ ಹಿಡಿದು ನೋಡಿ, ಮತ್ತೆ ಬೆರೆಸಿದ. ಹಸಿಯಾಗಿರುವಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು. ಆದ್ದರಿಂದ ಒಣಗಿಸಿಯೇ ಹೋಲಿಸಬೇಕು. ಐದನೆಯ ಸಲಕ್ಕೆ ಉಸ್ತಾದರು ತಲೆಯಾಡಿಸಿದರು.

ಹೊರಗೆ ಬಿಳಿ ಇರುವಾಗ ಒಳಗೇಕೆ ಹಸಿರು ಎಂದು ಮಗ ಕೇಳದಿರಲಿಲ್ಲ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಮೋಟಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು; ಶುಲ್ಕ 20,000 ರೂಪಾಯಿ, ಹತ್ತು ವರ್ಷಗಳ ಅವಧಿ; ನಿತ್ಯದ ಓಡಾಟಕ್ಕೆ ಮಾತ್ರ ಅವನ್ನು ಬಳಸುವಂತಿಲ್ಲ. ಹಾಗಾಗಿ ಸಂಗ್ರಹಿಸುವವರು ಮೂಲದ ಗುರುತುಗಳಿಗೆ ಬೆಲೆ ಕೊಡುತ್ತಾರೆ. ಮಗನಿಗೆ ಈ ಲೆಕ್ಕ ಒಪ್ಪಿಗೆಯಾಯಿತು. ದೊಡ್ಡಮ್ಮನಿಗೆ ಲೆಕ್ಕ ಬೇಕಿರಲಿಲ್ಲ. ‘ಹುಟ್ಟಿದ ಬಣ್ಣ ಇರಲಿ’ ಎಂದರು.

ನಾಲ್ಕನೆಯ ಭಾನುವಾರ ಬಣ್ಣದ ಹಬ್ಬ. ಬಣ್ಣ ತಾಗಬಾರದ ಜಾಗಗಳನ್ನೆಲ್ಲ ಕಾಗದದಿಂದ ಮುಚ್ಚಿ ಟೇಪು ಅಂಟಿಸಬೇಕು. ನಮ್ಮ ಚೀಲದಲ್ಲಿದ್ದ ಕನ್ನಡ ದಿನಪತ್ರಿಕೆಗಳು ಅದಕ್ಕೆ ಒದಗಿದವು. ಯಕ್ಷಗಾನದ ಜಾಹೀರಾತಿನಿಂದ ಸ್ಟಿಯರಿಂಗಿನ ಡಬ್ಬಿಯನ್ನೂ ವಧೂವರರ ಅಂಕಣದಿಂದ ತಂತಿಯ ಕಟ್ಟುಗಳನ್ನೂ ಸುತ್ತಿದೆವು. ಕಂಪನಿಯ ತಗಡಿನ ಪಟ್ಟಿಯನ್ನೂ ಚಾಸಿ ಸಂಖ್ಯೆಯನ್ನೂ ಉಸ್ತಾದರು ತಾವೇ ಮುಚ್ಚಿದರು. ಆ ಅಂಕಿಗಳಲ್ಲಿ ಬಣ್ಣ ತುಂಬಿದರೆ ತಪಾಸಣೆಯಲ್ಲಿ ಗಾಡಿಯ ಗುರುತೇ ಸಿಗದು.

ಗ್ಯಾರೇಜಿನವರು ಡ್ಯೂಕೊ ಎನ್ನುವ, ಬೇಗ ಒಣಗುವ ಬಣ್ಣ ಅದು. ಬಣ್ಣದಷ್ಟೇ, ಕೆಲವೊಮ್ಮೆ ತುಸು ಹೆಚ್ಚೇ, ತಿನ್ನರು ಬೆರೆಸಿ ಗನ್ನಿಗೆ ತುಂಬುತ್ತಾರೆ. ಒಂದು ಗೇಣು ದೂರದಿಂದ, ಕೈಯನ್ನು ಎಲ್ಲಿಯೂ ನಿಲ್ಲಿಸದೆ, ತೆಳುವಾಗಿ ಒಂದು ಸಲ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೊಂದು ಸಲ. ದಪ್ಪನಾಗಿ ಒಮ್ಮೆಲೇ ಹೊಡೆದರೆ ಕಣ್ಣೀರಿನಂತೆ ಇಳಿಯುತ್ತದೆ. ಮಳೆಗಾಲದಲ್ಲಿ ಈ ಬಣ್ಣ ಹೊಡೆದರೆ ಗಾಳಿಯ ತೇವಕ್ಕೆ ಬೆಳ್ಳಗೆ ಮಂಜು ಕವಿಯುತ್ತದೆ. ದೀಪಾವಳಿ ಕಳೆಯುವ ತನಕ ಉಸ್ತಾದರು ಕೆಲಸ ಹಿಡಿಯದಿದ್ದುದಕ್ಕೆ ಅದೇ ಕಾರಣ. ಈಚಿನ ಹೊಸ ಬಣ್ಣಗಳಲ್ಲಿ ಗಟ್ಟಿಯಾಗಿಸುವ ಎರಡನೆಯ ದ್ರವವೊಂದನ್ನು ಬೆರೆಸುತ್ತಾರೆ. ಬಾಳಿಕೆ ಹೆಚ್ಚು, ಆದರೆ ಅದರ ಹೊಗೆ ಶ್ವಾಸಕೋಶಕ್ಕೆ ಬಲು ಕೇಡು. ಹೊರಗಿನ ಶುದ್ಧಗಾಳಿಯನ್ನು ಒದಗಿಸುವ ಮುಖವಾಡವಿಲ್ಲದೆ ಅದನ್ನು ಹೊಡೆಯಬಾರದು. ಇಂಥ ಓಣಿಗಳಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡುವವರನ್ನು ಕಂಡು ನಮಗೆ ಕಸಿವಿಸಿಯಾಯಿತು. ಉಸ್ತಾದರ ಕೆಮ್ಮು ಮಾತಿನ ನಡುನಡುವೆ ಬರುತ್ತಿತ್ತು. ನಾವು ಮೂವರೂ ಸೇರಿ ಒಂದು ಒಳ್ಳೆಯ ಮುಖವಾಡ ತಂದುಕೊಟ್ಟೆವು. ಅದನ್ನು ಅವರು ತಾವು ಹಾಕಿಕೊಳ್ಳದೆ ಕೈಕೆಳಗಿನ ಹುಡುಗನಿಗೆ ತೊಡಿಸಿದರು.

ಬಿಡಿಭಾಗಗಳ ಲೆಕ್ಕ ಬೇರೆ. ಗಾಳಿ ಸೋಸುವ ಡಬ್ಬಿ, ಫ್ಯಾನು, ಬ್ಯಾಟರಿಯ ತಟ್ಟೆ ಇವೆಲ್ಲ ಕಪ್ಪು. ಹೊಗೆ ಹೊರಹೋಗುವ ಕೊಳವೆಯ ಬುಡ ನೂರಾರು ಡಿಗ್ರಿ ಕಾಯುವುದರಿಂದ ಸಾದಾ ಬಣ್ಣ ಅಲ್ಲಿ ಒಂದೇ ದಿನಕ್ಕೆ ಸುಟ್ಟು ಉದುರುತ್ತದೆ. ಅದಕ್ಕೆ ಶಾಖ ತಡೆಯುವ ಬೇರೆಯೇ ಬಣ್ಣವಿದೆ. ಕಾರ್ಬುರೇಟರಿಗೂ ರಬ್ಬರಿನ ಕೊಳವೆಗಳಿಗೂ ಬಣ್ಣ ತಾಗಿಸಬಾರದು. ಬ್ಯಾಟರಿಯ ಒಂದು ತಂತಿ ಗಾಡಿಯ ಮೈಗೇ ಬಂದು ಸೇರುವ ಜಾಗ, ಅಂದರೆ ಅರ್ಥಿಂಗ್, ಬರಿಯ ಲೋಹವಾಗಿಯೇ ಇರಬೇಕು. ಅಲ್ಲಿ ಬಣ್ಣ ಬಿದ್ದರೆ ಕರೆಂಟು ಹರಿಯದು. ಹೊಸ ಬಣ್ಣದ ಗಾಡಿ ಹೊಳೆಯುತ್ತ ನಿಂತಿರುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಬ್ರೇಕಿನ ಎಣ್ಣೆ ಒಂದು ಹನಿ ಚೆಲ್ಲಿದರೂ ಬಣ್ಣ ಉಬ್ಬಿ ಏಳುತ್ತದೆ. ಒಡನೆಯೇ ನೀರಿನಿಂದ ತೊಳೆಯಬೇಕು.

ಇಂಜಿನ್ನಿನ ಪಕ್ಕದ ತಗಡಿನಲ್ಲಿ ಒಂದು ರೂಪಾಯಿಯಗಲದ ಕೆಂಪು ಕಲೆಯಿತ್ತು. ಸೀಮೆಎಣ್ಣೆಗೂ ಸೋಪಿಗೂ ಅದು ಪೂರ್ತಿ ಹೋಗಿರಲಿಲ್ಲ. ಪ್ರತಿ ವರ್ಷದ ಆಯುಧ ಪೂಜೆಗೆ ಯಜಮಾನರು ಗಂಧ ಕುಂಕುಮ ಹಚ್ಚುತ್ತಿದ್ದ ಜಾಗವದು. ‘ಇದನ್ನು ಬಿಡಲೋ, ಬಳಿಯಲೋ ಮಾಜಿ?’ ಎಂದು ಉಸ್ತಾದರು ಕೇಳಿದರು. ಅದರ ಮೇಲೆ ಒಂದು ತುಂಡು ಕಾಗದ ಅಂಟಿಸಿ ಉಳಿಸಬಹುದೆಂದು ನಾವು ಯೋಚಿಸುತ್ತಿದ್ದೆವು. ದೊಡ್ಡಮ್ಮ ತಮ್ಮ ಬೊಂಬಾಯಿ ಹಿಂದಿಯಲ್ಲಿ, ಅದರ ಕೆಳಗೂ ತುಕ್ಕು ಇರಬಹುದು, ಉಜ್ಜಿ ಬಳಿಯಿರಿ, ಕುಂಕುಮವನ್ನು ಮತ್ತೆ ಹಚ್ಚಬಹುದು ಎಂದರು. ಉಜ್ಜಿದಾಗ ನಿಜಕ್ಕೂ ಅಲ್ಲಿ ತುಕ್ಕಿನ ಗುಳಿಯಿತ್ತು.

ಐದನೆಯ ಭಾನುವಾರ ಇಂಜಿನ್ ತನ್ನ ಗೂಡಿಗೆ ಮರಳಿತು. ಚೀಟಿ ನೋಡಿ ತಂತಿ, ಡಬ್ಬಿ ನೋಡಿ ಬೋಲ್ಟು. ಸಂಜೆಯ ಹೊತ್ತಿಗೆ ಗಾಡಿ ಕೆಮ್ಮಿ, ಕೆನೆದು, ಉಸಿರಾಡಿತು. ಸುತ್ತಲಿನ ಅಂಗಡಿಗಳ ಹುಡುಗರೆಲ್ಲ ಬಾನೆಟ್ಟಿನ ಸುತ್ತ ನೆರೆದರು. ಕೊಳ್ಳಲು ಬಂದಿದ್ದವರಿಗೆ ಮಗ ತೂತಿನ ಚಿತ್ರವನ್ನೂ ಬೆಸುಗೆಯ ಚಿತ್ರವನ್ನೂ ತಾನಾಗಿಯೇ ಕಳುಹಿಸಿದ. ಅವರು ಬೆಲೆಯಲ್ಲಿ ಒಂದಿಷ್ಟು ಇಳಿಸಿದ್ದಾರೆ. ಆದರೆ ಕೊಳ್ಳುವುದಿಲ್ಲ ಎಂದಿಲ್ಲ. ಇದನ್ನು ಬರೆಯುವ ಹೊತ್ತಿಗೆ ಮಾತುಕತೆ ನಡೆದೇ ಇದೆ. ದೊಡ್ಡಮ್ಮನ ಕಣ್ಣಿನ ಚಿಕಿತ್ಸೆಗೆ ಆ ಹಣ ಸಾಕು. ಚಾವಣಿಯ ರಿಪೇರಿ ಇನ್ನೊಂದು ವರ್ಷ ಕಾಯಬೇಕಾದೀತು.

ಪರಊರಿನಲ್ಲಿ ಬಾಳುವ ನಮಗೆಲ್ಲ ಹೊರಮೈಯ ಬಣ್ಣ ಎಷ್ಟೋ ಸಲ ಬದಲಾಗಿದೆ. ಕಚೇರಿಯಲ್ಲಿ ಒಂದು ಮಾತು, ಮಾರುಕಟ್ಟೆಯಲ್ಲಿ ಒಂದು ಮಾತು, ಮಕ್ಕಳ ಶಾಲೆಯಲ್ಲಿ ಮತ್ತೊಂದು. ಒಳಗಿನದು ಉಳಿದಿದೆ ಎಂದು ಸಮಾಧಾನಪಟ್ಟುಕೊಳ್ಳುವುದು ಸುಲಭ. ಉಳಿದಿದೆಯೋ, ಇಲ್ಲ ಕೆಸರು ತುಂಬಿ ಕೊಳೆಯುತ್ತಿದೆಯೋ ಎಂಬುದು ಬಾನೆಟ್ ಎತ್ತಿ, ಜಿಡ್ಡು ತೊಳೆದು, ಬೆರಳಿನಿಂದ ಒತ್ತಿ ನೋಡದೆ ಗೊತ್ತಾಗದು. ಕೊಳೆತದ್ದನ್ನು ಕತ್ತರಿಸದೆ ಬಳಿದ ಬಣ್ಣ ಒಂದು ಮಳೆಗಾಲಕ್ಕೂ ಬಾರದೆಂದು ಕುರ್ಲಾದ ಉಸ್ತಾದರು ಹೇಳುತ್ತಾರೆ.

ನಮ್ಮ ವಾಚಕರಲ್ಲಿ ಯಾರ ಮನೆಯಲ್ಲಾದರೂ ಹಿರಿಯರ ಹಳೆಯ ಗಾಡಿ ಮೂಲೆಯಲ್ಲಿ ನಿಂತಿದ್ದರೆ ಒಮ್ಮೆ ಬಾನೆಟ್ ತೆರೆದು ನೋಡಿ. ಬ್ಯಾಟರಿಯ ತಟ್ಟೆಯ ಕೆಳಗೆ ಮೊದಲು ನೋಡಿ. ಗಾಡಿಯಿಲ್ಲದವರು ಒಂದು ಭಾನುವಾರ ಬಿಡುವು ಮಾಡಿಕೊಂಡು ಕುರ್ಲಾದ ಪಶ್ಚಿಮಕ್ಕೆ ಇಳಿದು ಆ ರಸ್ತೆಯಲ್ಲಿ ನಡೆದು ಬನ್ನಿ. ಬೆಳಗಿನ ಹತ್ತು ಗಂಟೆಯ ಮೇಲೆ ಅಂಗಡಿಗಳು ತೆರೆಯುತ್ತವೆ. ಬಿಳಿಯ ಬಟ್ಟೆ ಉಟ್ಟು ಹೋಗಬೇಡಿ.